ಉಸ್ತಾದ್ ಬಿಚ್ಚಿ ನೋಡುತ್ತಿದ್ದರು

ಅಕ್ಕನ ಮಗ ಮೊನ್ನೆ ಅವರಪ್ಪನ ಹೈ-8 ಕ್ಯಾಮೆರಾ ತಂದಿಟ್ಟು, "ಮಾವ, ಇದನ್ನ ರಿಪೇರಿ ಮಾಡಿಸೋದಾ, ಗುಜರಿಗೆ ಹಾಕಿ ಬೇರೆ ತಗೊಳ್ಳೋದಾ?" ಎಂದು ಕೇಳಿದ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಕ್ಯಾಸೆಟ್ ಒಳಗೆ ಹೋಗುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ನಾನು ಮದುವೆ ವಿಡಿಯೋ ತೆಗೆಯುತ್ತಿದ್ದ ತೊಂಬತ್ತರ ದಶಕದಲ್ಲಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕ್ಯಾಮೆರಾ ಕೆಟ್ಟರೆ ಟವೆಲ್ಲಿನಲ್ಲಿ ಸುತ್ತಿಕೊಂಡು ರಾತ್ರಿ ಬಸ್ಸು ಹತ್ತುವುದು, ಬೆಳಿಗ್ಗೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದು ಎಸ್.ಪಿ. ರೋಡಿನ ದಾರಿ ಹಿಡಿಯುವುದು.

ಅಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂರುತ್ತಿದ್ದವರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ನಮ್ಮ ಮಾತು ಕೇಳುವ ಮೊದಲೇ ಟೇಪ್ ಓಡಿಸಿ ನೋಡುವರು. ವಿಎಚ್‌ಎಸ್‌ನ ಹೆಡ್ ಡ್ರಮ್ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ; ಅದರ ಅಂಚಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಫೆರೈಟ್ ಚೂರು, ಅದೇ ಹೆಡ್. ಶಾಮಿ ಚರ್ಮವನ್ನು ಸ್ಪಿರಿಟ್‌ನಲ್ಲಿ ಅದ್ದಿ ಡ್ರಮ್ಮಿಗೆ ಸುಮ್ಮನೆ ತಾಗಿಸಿ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಡ್ರಮ್ಮನ್ನೇ ಮೆಲ್ಲಗೆ ತಿರುಗಿಸುತ್ತಿದ್ದರು. ಚರ್ಮವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯಿತೆಂದೇ ಲೆಕ್ಕ. ಹಾಗೆ ಉಜ್ಜಿಸಿಕೊಂಡು ಹಾಳಾದ ಎಷ್ಟೋ ಕ್ಯಾಮೆರಾಗಳು ಕೊನೆಗೆ ಅವರ ಮೇಜಿಗೇ ಬರುತ್ತಿದ್ದವು.

ಆ ಅಂಗಡಿಯ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ಕೆಪಾಸಿಟರ್ ಸೋರಿದ ಬೋರ್ಡಿಗೆ ಸಾಲ್ಡರಿಂಗ್ ಐರನ್ ತಾಗಿದ ಕೂಡಲೇ ಮೀನಿನ ನಾತ ಏಳುತ್ತಿತ್ತು. ನಾವು ಮೂಗು ಮುಚ್ಚಿಕೊಂಡರೆ ಅವರ ಮುಖ ಅರಳುತ್ತಿತ್ತು. "ರೋಗ ಸಿಕ್ತು, ಉಳಿಯುತ್ತೆ" ಎನ್ನುವರು.

ಒಂದು ಸೀಸನ್ನಿನ ಹೊಸ್ತಿಲಲ್ಲಿ ನನ್ನ ಕ್ಯಾಮೆರಾದ ಹೆಡ್ ಸವೆದು ಹೋಯಿತು. ಒರಿಜಿನಲ್ ಡ್ರಮ್ಮಿನ ಬೆಲೆ ಕೇಳಿ ಕೈಕಾಲು ತಣ್ಣಗಾಯಿತು. ಡೂಪ್ಲಿಕೇಟ್ ಹಾಕಿಬಿಡಿ ಎಂದು ಗೋಗರೆದೆ. ಒಪ್ಪಲಿಲ್ಲ. "ಧಾರೆ ಹೊತ್ತಲ್ಲಿ ಕೈಕೊಟ್ಟರೆ ಹುಡುಗಿ ಅಪ್ಪನಿಗೆ ಏನು ಹೇಳ್ತೀರಿ? ಅರ್ಧ ಈಗ ಕೊಡಿ, ಇನ್ನರ್ಧ ಸೀಸನ್ ಮುಗಿದ ಮೇಲೆ." ಚೀಟಿಯಿಲ್ಲ, ಸಹಿಯಿಲ್ಲ. ಆ ಡ್ರಮ್ ಹಾಕಿಸಿಕೊಂಡೇ ನಾನು ಸಾಲ ತೀರಿಸಿದ್ದು, ತಂಗಿಯ ಮದುವೆ ಮಾಡಿದ್ದು.

ಎಲ್ಲರೂ ಹಾಗಿರಲಿಲ್ಲ. ಒಳ್ಳೆಯ ಡ್ರಮ್ ಕಿತ್ತುಕೊಂಡು ಸವೆದದ್ದನ್ನು ಕೂರಿಸಿ ಕಳಿಸುವವರೂ ಇದ್ದರು. ನಾವು ತೆಗೆದ ಚಿತ್ರವೂ ಅಷ್ಟಕ್ಕಷ್ಟೇ: ಸುಮಾರು 240 ಗೆರೆಗಳ ಮಸುಕು, ಸನ್‌ಗನ್ ಬೆಳಕಿಗೆ ಬಿಳಚಿಕೊಂಡ ಮದುಮಗಳು. ಇವತ್ತಿನ ಸಾಧಾರಣ ಫೋನಿನ ಮುಂದೆ ಅದು ನಿಲ್ಲದು. ಹೊಸದಾಗಿ ಶೂಟ್ ಮಾಡಲು ಹಳೆ ಕ್ಯಾಮೆರಾಗೆ ದುಡ್ಡು ಸುರಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಆದರೆ ಒಳಗಿರುವ ಟೇಪಿನ ಗತಿ? ಹೈ-8 ಕ್ಯಾಸೆಟ್ ಮನೆಯ ವಿಸಿಆರ್‌ಗೆ ಹೋಗುವುದಿಲ್ಲ. ಅದನ್ನು ತೋರಿಸಲು ಆ ಬಗೆಯ ಕ್ಯಾಮೆರಾವೋ ಪ್ಲೇಯರೋ ಬೇಕು. ಆ ವಿಸಿಆರ್ ಕೂಡ ಈಗ ತಯಾರಾಗುತ್ತಿಲ್ಲ, ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಟೇಪ್ ಉಳಿದರೂ ಓಡಿಸುವ ಯಂತ್ರ ಉಳಿಯುವುದಿಲ್ಲ ಎಂದು ಯುನೆಸ್ಕೋ 2019ರಲ್ಲೇ ಎಚ್ಚರಿಸಿದೆ.

ಅಳಿಯನನ್ನು ಕರೆದುಕೊಂಡು ಅದೇ ರಸ್ತೆಗೆ ಹೋದೆ. ಉಸ್ತಾದ್ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳು ಕಸುಬು ಹಿಡಿಯಲಿಲ್ಲ. ಆ ಸಂದಿಯಲ್ಲಿ ಸಿಸಿಟಿವಿ ಡಬ್ಬಗಳು. ಕ್ಯಾಮೆರಾ ತೋರಿಸಿದ ಕಡೆಯಲ್ಲೆಲ್ಲ ಒಂದೇ ಉತ್ತರ: "ಪಾರ್ಟ್ಸ್ ಬರಲ್ಲ ಸಾರ್, ಹೊಸದು ತಗೊಳ್ಳಿ." ಒಬ್ಬರಾದರೂ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಹತ್ತು ಪೈಸೆಯ ಕೊಳೆಯೋ, ಸುಟ್ಟ ಬೋರ್ಡೋ ಎಂದು ಬಿಚ್ಚಿ ನೋಡದೆ ಸಾವಿನ ಚೀಟಿ ಬರೆದುಕೊಡುವುದನ್ನು ನಾನು ಕಸುಬು ಎನ್ನಲಾರೆ.

ಮನೆಯಲ್ಲಿ ಹಳೆ ಕ್ಯಾಸೆಟ್ ಇದ್ದವರಲ್ಲಿ ಕೇಳಿಕೊಳ್ಳುತ್ತೇನೆ. ಕ್ಯಾಮೆರಾವನ್ನು ಈಗಲೇ ಗುಜರಿಗೆ ಕೊಡಬೇಡಿ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಅದರೊಳಗೆ ತುರುಕಬೇಡಿ. ಹೆಡ್ಡೂ ಹೋಗುತ್ತದೆ, ಅದರ ಹಿಂದೆ ಹಾಕಿದ ಕ್ಯಾಸೆಟ್ಟೂ ಹೋಗುತ್ತದೆ. ಬಿಚ್ಚಿ ನೋಡುವ ಒಬ್ಬ ಮೆಕ್ಯಾನಿಕ್ ಎಲ್ಲಿ ಸಿಕ್ಕಿದರೂ, ಟೇಪುಗಳೆಲ್ಲ ಕಂಪ್ಯೂಟರಿಗೆ ಇಳಿಯುವಷ್ಟು ದಿನವಾದರೂ ಓಡುವಂತೆ ಮಾಡಿಸಿಕೊಳ್ಳಿ, ಆತ ಕೇಳಿದ ಮಜೂರಿಯನ್ನು ಚೌಕಾಸಿ ಮಾಡದೆ ಕೊಡಿ.