ಬಂದೂಕಿಗೂ ಒಂದು ಗ್ಯಾಸ್ ರೆಗ್ಯುಲೇಟರ್

ಒಂಬತ್ತನೇ ತರಗತಿಗೆ ನ್ಯೂಟನ್ನನ ಮೂರನೇ ನಿಯಮ ಹೇಳಿಕೊಡುವಾಗ ಬಂದೂಕಿನ ಉದಾಹರಣೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗುಂಡು ಮುಂದಕ್ಕೆ, ಬಂದೂಕು ಹಿಂದಕ್ಕೆ. ವರ್ಷ ವರ್ಷವೂ ಅದೇ ಚಿತ್ರ ಬರೆದು, ಅದೇ ಮಾತು ಹೇಳಿ ನನಗೆ ರೂಢಿಯಾಗಿಬಿಟ್ಟಿದೆ. ಈ ಸಲ ಹಾಗಾಗಲಿಲ್ಲ. ನನ್ನ ಎಡಗಡೆಯ ಸಾಲಿನ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ಏನೋ ಕೇಳಿದ. ನನಗೆ ಕೇಳಿಸಲಿಲ್ಲ. ‘ಇನ್ನೊಂದ್ಸಲ ಹೇಳೋ’ ಎಂದೆ. ಹೇಳಿದ. ಆಗಲೂ ತಿಳಿಯಲಿಲ್ಲ. ಅವನ ಬೆಂಚಿನ ತನಕ ಹೋಗಿ ಬಲಗಿವಿಯನ್ನು ಅವನ ಕಡೆ ತಿರುಗಿಸಿದ ಮೇಲೆ ಪ್ರಶ್ನೆ ದಕ್ಕಿತು.

‘ಸಾರ್, ಬಂದೂಕಿಗೆ ಸೈಲೆನ್ಸರ್ ಹಾಕಿದರೆ ಸೌಂಡು ಕಡಿಮೆ ಆಗುತ್ತಲ್ಲ, ಒಳಗಿರೋ ಗ್ಯಾಸೆಲ್ಲ ಎಲ್ಲಿಗೆ ಹೋಗುತ್ತೆ?’

ಹುಡುಗ ಮೊಬೈಲ್ ಆಟದಲ್ಲಿ ನೋಡಿದ್ದಾನೆ, ಸಂಶಯವಿಲ್ಲ. ಮೊಬೈಲಿನಿಂದ ಮಕ್ಕಳು ಕೆಟ್ಟರು ಎಂದು ಪೋಷಕರ ಸಭೆಯಲ್ಲಿ ನಾನೂ ದನಿ ಸೇರಿಸಿದವನೇ. ಆದರೆ ಪ್ರಶ್ನೆ ಮಾತ್ರ ಅಪ್ಪಟ ಭೌತಶಾಸ್ತ್ರದ್ದು. ಸದ್ದು ಎಲ್ಲಿ ಹೋಯಿತು ಎಂದು ಯಾರು ಬೇಕಾದರೂ ಕೇಳಿಯಾರು. ಗ್ಯಾಸ್ ಎಲ್ಲಿ ಹೋಯಿತು ಎಂದು ಕೇಳುವವನು ಯೋಚನೆ ಮಾಡಿದ್ದಾನೆ ಎಂದೇ ಅರ್ಥ.

ನಾನು ಪದವಿ ಓದುತ್ತಿದ್ದಾಗ ಎನ್.ಸಿ.ಸಿ.ಯಲ್ಲಿದ್ದೆ. ಸೈನ್ಯದ ಘಟಕವೊಂದರ ಜೊತೆ ನಡೆದ ಶಿಬಿರದಲ್ಲಿ 7.62 ಮಿ.ಮೀ. ಎಸ್.ಎಲ್.ಆರ್. ಹಾರಿಸಲು ಸಿಕ್ಕಿತ್ತು. ಎಸ್.ಎಲ್.ಆರ್. ಎಂದರೆ ಸೆಲ್ಫ್ ಲೋಡಿಂಗ್ ರೈಫಲ್. ಕುದುರೆ ಎಳೆದಷ್ಟು ಸಲ ಒಂದೊಂದೇ ಗುಂಡು ಹಾರುತ್ತದೆ. ಮುಂದಿನ ತೋಟಾವನ್ನು ಬಂದೂಕೇ ತುಂಬಿಕೊಳ್ಳುತ್ತದೆ. ಅದಕ್ಕಿಂತ ಹಿಂದಿನ ತ್ರಿ-ನಾಟ್-ತ್ರಿಯಲ್ಲಿ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾಗಿತ್ತು. ಇದರಲ್ಲಿ ಆ ಕೆಲಸ ಮಾಡುವವರು ಯಾರು? ಗುಂಡನ್ನು ತಳ್ಳಿದ ಅದೇ ಗ್ಯಾಸು.

ಇದನ್ನು ನಾನು ಮಕ್ಕಳಿಗೆ ಹೇಳಿದ್ದು ಅರಸೀಕೆರೆ ಸ್ಟೇಷನ್ನಿನ ಮೂಲಕ. ನಾನು ಚಿಕ್ಕವನಿದ್ದಾಗ ಅಲ್ಲಿ ಮೀಟರ್ ಗೇಜಿನ ಉಗಿ ಎಂಜಿನ್ನುಗಳು ಬರುತ್ತಿದ್ದವು. ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಚಕ್ರ ತಿರುಗಿಸುತ್ತದೆ, ಕೆಲಸ ಮುಗಿಸಿದ ಉಗಿ ಚಿಮಣಿಯಿಂದ ‘ಛಕ್ ಛಕ್’ ಎಂದು ಹೊರಬೀಳುತ್ತದೆ. ಎಸ್.ಎಲ್.ಆರ್. ಒಳಗಿರುವುದೂ ಅಂಥದೇ ಒಂದು ಪುಟ್ಟ ಎಂಜಿನ್. ನಳಿಗೆಯ ಮೇಲೆ ಒಂದು ಸಣ್ಣ ರಂಧ್ರವಿದೆ. ಗುಂಡು ಅದನ್ನು ದಾಟಿದ ಕೂಡಲೇ ಹಿಂದಿನಿಂದ ಬರುವ ಬಿಸಿ ಅನಿಲದ ಒಂದು ಪಾಲು ಮೇಲಕ್ಕೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ಹೊಡೆಯುತ್ತದೆ. ಬೋಲ್ಟ್ ತೆರೆದು ಖಾಲಿ ತೋಟಾ ಹೊರಗೆ ಹಾರುತ್ತದೆ. ಆಮೇಲೆ ಸ್ಪ್ರಿಂಗು ಬೋಲ್ಟನ್ನು ಮುಂದಕ್ಕೆ ತಳ್ಳಿ ಹೊಸ ತೋಟಾ ಕೂರಿಸುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ. ಅಮೆರಿಕದ ಜಾನ್ ಬ್ರೌನಿಂಗ್ ಎಂಬಾತನಿಗೆ ಈ ಯೋಚನೆ ಹೊಳೆದದ್ದು 1889ರಲ್ಲಂತೆ, ಯಾರೋ ಗುಂಡು ಹಾರಿಸಿದಾಗ ನಳಿಗೆಯ ಮುಂದಿದ್ದ ಹುಲ್ಲು ಗಿಡಗಳು ಬಾಗಿದ್ದನ್ನು ಕಂಡು. ಹುಲ್ಲು ಬಾಗಿದ್ದನ್ನು ಎಷ್ಟು ಜನ ನೋಡಿರಲಿಕ್ಕಿಲ್ಲ!

ಶಿಬಿರದಲ್ಲಿ ನನ್ನ ಪಕ್ಕದವನ ರೈಫಲು ನಾಲ್ಕನೇ ಗುಂಡಿಗೆ ನಿಂತುಹೋಯಿತು. ಹವಾಲ್ದಾರರು ಬಂದು ನೋಡಿ ‘ಗ್ಯಾಸ್ ಕಮ್ ಹೈ’ ಎಂದರು. ಜೇಬಿನಿಂದ ಒಂದು ಪುಟ್ಟ ಸಲಕರಣೆ ತೆಗೆದು ನಳಿಗೆಯ ಮುಂಭಾಗದ ಉಂಗುರವನ್ನು ಎರಡು ಹಲ್ಲು ತಿರುಗಿಸಿದರು. ರೈಫಲು ಮತ್ತೆ ಓಡಿತು. ಅದೇ ಗ್ಯಾಸ್ ರೆಗ್ಯುಲೇಟರ್. ಈ ಹೆಸರು ಹೇಳುತ್ತಲೇ ತರಗತಿ ಗೊಳ್ಳೆಂದಿತು. ‘ಸಾರ್, ನಮ್ಮನೆ ಸಿಲಿಂಡರಿಗೆ ಹಾಕ್ತಾರಲ್ಲ, ಅದಾ?’ ಅದಲ್ಲ, ಆದರೆ ಅದರ ದಾಯಾದಿ. ಎಷ್ಟು ಅನಿಲ ಕೆಲಸಕ್ಕೆ ಹೋಗಬೇಕು ಎಂದು ನಿರ್ಧರಿಸುವುದೇ ಎರಡರ ಕೆಲಸ. ಎಸ್.ಎಲ್.ಆರ್.ನ ಉಂಗುರ ತೆರೆದರೆ ಹೆಚ್ಚಿನ ಅನಿಲ ಹೊರಕ್ಕೆ ಸೋರಿಹೋಗುತ್ತದೆ, ಮುಚ್ಚಿದರೆ ಪಿಸ್ಟನ್ನಿಗೆ ಹೋಗುತ್ತದೆ. ಮಸಿ ಕಟ್ಟಿ ಪಿಸ್ಟನ್ ಬಿಗಿಯಾದಾಗ ಹೆಚ್ಚು ಬೇಕು, ಶುಚಿಯಾಗಿದ್ದಾಗ ಕಡಿಮೆ ಸಾಕು. ಮೊದಲು ಪೂರ್ತಿ ತೆರೆದಿಟ್ಟು, ಒಂದೊಂದೇ ಗುಂಡು ಹಾರಿಸುತ್ತ, ಬಂದೂಕು ಸರಿಯಾಗಿ ಓಡುವ ತನಕ ಮುಚ್ಚುತ್ತ ಬಂದು, ಆಮೇಲೆ ಎರಡು ಹಲ್ಲು ಹೆಚ್ಚಿಗೆ ಮುಚ್ಚುವುದು ಪದ್ಧತಿ. ನಮ್ಮ ಸೈನ್ಯಕ್ಕೆ ಆಮೇಲೆ ಬಂದ ಇನ್ಸಾಸ್ ರೈಫಲಿನಲ್ಲೂ ರೆಗ್ಯುಲೇಟರ್ ಉಂಟು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಪ್ರೆಶರ್ ಕುಕ್ಕರಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಎರಡರಷ್ಟು. ಎಸ್.ಎಲ್.ಆರ್. ತೋಟಾ ಸಿಡಿದಾಗ ಅದು ಮೂರು ಸಾವಿರ ಪಟ್ಟಿಗೂ ಹೆಚ್ಚು. ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಲ್ಲಿ ಅದರ ಹಿಂದೆ ಉಳಿದ ಅನಿಲ ಒಮ್ಮೆಲೇ ಹೊರಗೆ ಚಿಮ್ಮುತ್ತದೆ. ‘ಢಂ’ ಎನ್ನುವುದು ಅದರ ಸದ್ದು. ಸೈಲೆನ್ಸರ್ ಎಂದರೆ ಅನಿಲವನ್ನು ತಡೆದು, ಸುತ್ತಿಸಿ, ತಣಿಸಿ, ನಿಧಾನವಾಗಿ ಬಿಡುವ ಸಾಧನ. ಅನಿಲ ಮಾಯವಾಗುವುದಿಲ್ಲ, ತಡವಾಗುತ್ತದೆ. ಮುಂದಿನ ಬಾಗಿಲಲ್ಲಿ ಜನ ಜಮಾಯಿಸಿದರೆ ಹಿಂದಿನ ಬಾಗಿಲಿಗೆ ನುಗ್ಗುತ್ತಾರಲ್ಲ, ಬೇಲೂರು ತೇರಿನ ದಿನ ಕಂಡವರಿಗೆ ವಿವರಿಸಬೇಕಿಲ್ಲ. ನಳಿಗೆಯಲ್ಲಿ ಒತ್ತಡ ಹೆಚ್ಚು ಹೊತ್ತು ಉಳಿದಷ್ಟೂ ಆ ಸಣ್ಣ ರಂಧ್ರದಿಂದ ಪಿಸ್ಟನ್ನಿಗೆ ಹೆಚ್ಚು ಅನಿಲ ಹೋಗುತ್ತದೆ. ಬೋಲ್ಟ್ ಬೇಕಾದ್ದಕ್ಕಿಂತ ರಭಸವಾಗಿ, ಬೇಕಾದ್ದಕ್ಕಿಂತ ಬೇಗ ತೆರೆದುಕೊಳ್ಳುತ್ತದೆ. ಬಿಡಿಭಾಗಗಳು ಸವೆಯುತ್ತವೆ, ಭುಜಕ್ಕೆ ಒದೆತ ಹೆಚ್ಚುತ್ತದೆ, ಖಾಲಿ ತೋಟಾ ಹೊರಬೀಳುವ ಕಿಂಡಿಯಿಂದ ಹೊಗೆ ಹಾರಿಸುವವನ ಕಣ್ಣಿಗೇ ಬರುತ್ತದೆ.

ಅದಕ್ಕೇ ಈಗಿನ ರೈಫಲುಗಳಲ್ಲಿ ಸೈಲೆನ್ಸರ್ ಹಾಕುವುದಿದ್ದರೆ ಅನಿಲದ ದಾರಿಯನ್ನು ಹೊಂದಿಸುವ ಏರ್ಪಾಡು ಬೇಕಾಗುತ್ತದೆ. ರಂಧ್ರದ ಮೇಲೆ ಕೂರುವ ಲೋಹದ ತುಂಡಿಗೆ ಗ್ಯಾಸ್ ಬ್ಲಾಕ್ ಎಂದು ಹೆಸರು. ಅದರಲ್ಲಿ ಸ್ಕ್ರೂ ತಿರುಗಿಸಿ ದಾರಿಯನ್ನು ಕಿರಿದು ಮಾಡುವುದು ಒಂದು ಕ್ರಮ. ಹೆಚ್ಚಾದದ್ದನ್ನು ಹೊರಕ್ಕೆ ಬಿಡುವುದು, ನಮ್ಮ ಎಸ್.ಎಲ್.ಆರ್. ಮಾಡುತ್ತಿದ್ದಂತೆ, ಇನ್ನೊಂದು. ಅತಿಯಾಗಿ ಕಿರಿದು ಮಾಡಿದರೆ ಬೋಲ್ಟ್ ಅರ್ಧ ದಾರಿಗೆ ನಿಂತು ಮುಂದಿನ ತೋಟಾ ಏರುವುದಿಲ್ಲ. ಸೈಲೆನ್ಸರ್ ಇದ್ದಾಗ ಹೊಂದಿಸಿದ್ದು ಅದನ್ನು ಕಳಚಿದ ಮೇಲೆ ಕೈಕೊಡಬಹುದು. ಇವೆಲ್ಲ ಸೈನ್ಯ, ಪೊಲೀಸರ ಸಾಮಾನು, ನಮ್ಮ ನಿಮ್ಮ ಮನೆಯದಲ್ಲ. ಆದರೂ ತೀರ ದೂರದ್ದೆಂದೂ ಹೇಳುವಂತಿಲ್ಲ. ಸ್ಪ್ರಿಂಗುಗಳಿಗೆ ಹೆಸರಾದ ಬೆಂಗಳೂರಿನ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಬಳಗವೇ ಈಗ ಎಸ್.ಎಸ್.ಎಸ್. ಡಿಫೆನ್ಸ್ ಎಂಬ ಹೆಸರಿನಲ್ಲಿ ರೈಫಲುಗಳನ್ನೂ ಮಾಡುತ್ತಿದೆ.

ಬೇಲೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಗೆ ಇದನ್ನು ಹೇಳಿದಾಗ ಅವನು ನಕ್ಕ. ‘ನಮ್ಮದೂ ಅದೇ ಪಾಡು ಸಾರ್. ಹಳೇ ಬುಲೆಟ್ಟಿಗೆ ಬೇರೆ ಸೈಲೆನ್ಸರ್ ಹಾಕ್ಸಿಕೊಂಡು ಹೋಗ್ತಾರೆ, ಮಾರನೇ ದಿನ ಗಾಡಿ ಎಳೀತಿಲ್ಲ ಅಂತ ಬರ್ತಾರೆ. ಕಾರ್ಬುರೇಟರ್ ಮತ್ತೆ ಟ್ಯೂನ್ ಮಾಡ್ಬೇಕು.’ ಕಾರಿನ ಸೈಲೆನ್ಸರಿಗೂ ಬಂದೂಕಿನ ಸೈಲೆನ್ಸರಿಗೂ ನೆಂಟಸ್ತಿಕೆ ಉಂಟು. 1909ರಲ್ಲಿ ಬಂದೂಕಿನ ಸೈಲೆನ್ಸರನ್ನು ಮಾರಾಟಕ್ಕೆ ತಂದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಂ ಮೋಟಾರು ಎಂಜಿನ್ನುಗಳ ಸದ್ದಡಗಿಸುವ ಕೆಲಸವನ್ನೂ ಮಾಡಿದವನು. ಅವನ ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಂ 1884ರಲ್ಲಿ ಮೆಷಿನ್ ಗನ್ ಕಂಡುಹಿಡಿದವನು. ತನ್ನದೇ ಬಂದೂಕುಗಳ ಸದ್ದಿಗೆ ಆ ತಂದೆ ಕಿವುಡನಾದ.

ಆ ತಂದೆಯ ಮಾತು ಬಂದಾಗ ಪಾಠ ನಿಲ್ಲಿಸಿ ನನ್ನ ಎಡಗಿವಿಯ ಕತೆ ಹೇಳಬೇಕಾಯಿತು. ಅಂದಿನ ಶಿಬಿರದಲ್ಲಿ ನಮಗೆ ಕಿವಿಗೆ ಇಟ್ಟುಕೊಳ್ಳಲು ಏನೂ ಕೊಟ್ಟಿರಲಿಲ್ಲ. ಹತ್ತಿಯಿಟ್ಟವನನ್ನು ಉಳಿದವರು ಗೇಲಿ ಮಾಡಿದೆವು. ಆ ಗೇಲಿಯಲ್ಲಿ ನನ್ನ ದನಿಯೇ ದೊಡ್ಡದಾಗಿತ್ತು. ಮೂರು ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಆಮೇಲೆ ಹೋಯಿತು ಎಂದುಕೊಂಡೆ. ನಲವತ್ತು ದಾಟಿದ ಮೇಲೆ ಮಕ್ಕಳ ಮಾತಿನಲ್ಲಿ ‘ಸ’ಕಾರ ‘ಶ’ಕಾರಗಳು ಜಾರತೊಡಗಿದವು. ಮನೆಯವಳು ಬಲವಂತ ಮಾಡಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದಳು. ನಕ್ಷೆ ಬಂತು. ಎಡಗಿವಿಯ ಗೆರೆ 4,000 ಹರ್ಟ್ಸ್ ಬಳಿ ಹಳ್ಳಕ್ಕೆ ಬಿದ್ದಂತೆ ಇಳಿದಿತ್ತು. ಪರೀಕ್ಷೆ ಮಾಡಿದವರು ಅದನ್ನು ನೋಡಿ, ‘ಯಾವಾಗಾದರೂ ಬಂದೂಕು ಹಾರಿಸಿದ್ರಾ?’ ಎಂದರು. ಜ್ಯೋತಿಷ್ಯ ಕೇಳಿದ ಹಾಗಾಯಿತು! ಬಲಗೈಯವನು ರೈಫಲಿಗೆ ಕೆನ್ನೆಯೊತ್ತಿದಾಗ ಬಲಗಿವಿ ತಲೆಯ ಮರೆಯಲ್ಲಿರುತ್ತದೆ, ಎಡಗಿವಿ ನಳಿಗೆಯ ಬಾಯಿಗೆ ಎದುರಾಗುತ್ತದೆ. ರೈಫಲಿನ ಸದ್ದು ಹಾರಿಸುವವನ ಕಿವಿಯ ಬಳಿ 160 ಡೆಸಿಬಲ್ ಆಸುಪಾಸು. 140 ದಾಟಿದರೆ ಒಂದೇ ಏಟು ಸಾಕು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಸಿನಿಮಾದಲ್ಲಿ ಕೇಳುವ ‘ಟಸ್’ ಶಬ್ದವೂ ಸುಳ್ಳು. ಸೈಲೆನ್ಸರ್ ಕಳೆಯುವುದು ಸಾಧಾರಣವಾಗಿ 20–30 ಡೆಸಿಬಲ್. ಲೆಕ್ಕ ಹಾಕಿ: 30 ಡೆಸಿಬಲ್ ಎಂದರೆ ಶಬ್ದದ ತೀವ್ರತೆ ಸಾವಿರದಲ್ಲೊಂದು ಪಾಲು, ಆದರೂ ಉಳಿಯುವುದು 130. ಸೆಕೆಂಡಿಗೆ 840 ಮೀಟರ್ ಹೋಗುವ ಗುಂಡು ಶಬ್ದದ ವೇಗವಾದ ಸುಮಾರು 340ನ್ನು ಮೀರಿ ಹೋಗುವಾಗ ಗಾಳಿಯಲ್ಲಿ ಎಬ್ಬಿಸುವ ಛಟೀರನ್ನು ಯಾವ ಸೈಲೆನ್ಸರೂ ತಡೆಯಲಾರದು.

ಎರಡು ತಿಂಗಳ ನಂತರ ಅದೇ ಹುಡುಗನ ತಾಯಿ ಹಳೇಬೀಡಿನ ಸಂತೆಯಲ್ಲಿ ಸಿಕ್ಕಿದರು. ಮಗ ಎನ್.ಸಿ.ಸಿ. ಶಿಬಿರಕ್ಕೆ ಆಯ್ಕೆಯಾಗಿದ್ದಾನೆ, ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ‘ಬಂದೂಕು ಹೊಡೆಸ್ತಾರಂತೆ ಮೇಷ್ಟ್ರೇ, ನಿಮ್ಮ ಕಿವಿ ಕತೆ ಹೇಳ್ದ. ಕಳಿಸ್ಲಾ, ಬ್ಯಾಡ್ವಾ?’ ಎಂದರು. ನಾನು ಹೇಳಿದ ಕತೆ ನನ್ನ ಮುಂದೆಯೇ ಬಂದು ನಿಂತಿತ್ತು. ‘ಕಳಿಸಿ ತಾಯಿ, ಹಾಕಿಕೊಳ್ಳೋದನ್ನ ನಾನು ಕೊಡ್ತೀನಿ’ ಎಂದೆ. ಶಾಲೆಯ ಮಕ್ಕಳು ಹಾರಿಸುವುದು ಪಾಯಿಂಟ್ ಟೂಟೂ ರೈಫಲು, ಸದ್ದು ಕಡಿಮೆ. ಆದರೂ 140ರ ಹತ್ತಿರದ್ದೇ. ಹಾಸನದ ಔಷಧಿ ಅಂಗಡಿಯಿಂದ ಸ್ಪಂಜಿನ ಇಯರ್ ಪ್ಲಗ್ಗುಗಳನ್ನು ತಂದು, ಹೋಗುವ ಮಕ್ಕಳಿಗೆಲ್ಲ ಹಾಕಿಕೊಳ್ಳುವುದನ್ನು ಕಲಿಸಿದೆ. ಬೆರಳಲ್ಲಿ ಬತ್ತಿಯ ಹಾಗೆ ತೆಳ್ಳಗೆ ಹೊಸೆಯಬೇಕು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆಯಬೇಕು, ತೂರಿಸಿ, ಅದು ಉಬ್ಬಿಕೊಳ್ಳುವ ತನಕ ಬೆರಳಲ್ಲಿ ಹಿಡಿದಿರಬೇಕು. ಸುಮ್ಮನೆ ಬಾಯಿಗಿಟ್ಟುಕೊಂಡರೆ ಪ್ರಯೋಜನವಿಲ್ಲ.

ಶಿಬಿರ ಮುಗಿಸಿ ಬಂದ ಹುಡುಗ ಐದರಲ್ಲಿ ಮೂರು ಗುಂಡು ಗುರಿಗೆ ಬಿದ್ದವು ಎಂದ. ‘ಕಿವಿ?’ ಎಂದೆ. ‘ಏನೂ ಆಗಿಲ್ಲ ಸಾರ್.’ ಅವನು ಬೋರ್ಡಿನ ಕಡೆ ತಿರುಗಿದ್ದಾಗ ಹಿಂದೆ, ಎಡಗಡೆಗೆ ನಿಂತು, ಜೇಬಿನ ಪೆನ್ನಿನ ಗುಂಡಿ ಒತ್ತಿದೆ. ಹುಡುಗ ತಟ್ಟನೆ ತಿರುಗಿ ನೋಡಿದ. ಪೆನ್ನನ್ನು ನನ್ನ ಎಡಗಿವಿಯ ಬಳಿ ತಂದು ಇನ್ನೊಮ್ಮೆ ಒತ್ತಿದೆ. ಹೆಬ್ಬೆರಳಿಗೆ ಮಾತ್ರ ತಿಳಿಯಿತು.