ಬೂಷ್ಟಿನ ಮಳೆಗಾಲ

ತರೀಕೆರೆ, 24 ಜುಲೈ 2024

ಪುಷ್ಯದ ಮಳೆ ಹಿಡಿದದ್ದು ಬಿಟ್ಟಿಲ್ಲ. ಬೀರು ಸರಿಸಿ ನೋಡಿದರೆ ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕೆ. ಇವರ ಬೆಲ್ಟು, ಚರ್ಮದ ಚಪ್ಪಲಿ, ಹಳೇ ಪಂಚಾಂಗ, ಎಲ್ಲಕ್ಕೂ ಬಿಳಿ ಬೂಷ್ಟು. ಅತ್ತೆ ಪೊರಕೆ ಹಿಡಿದು ಬಂದರು. ತಡೆದೆ. ಒಣಗಿದ್ದನ್ನು ಗುಡಿಸಿದರೆ ಬೀಜಕಣ ಮನೆಯೆಲ್ಲ ಹಾರುತ್ತದೆ, ಅವರಿಗೆ ಮೊದಲೇ ಉಬ್ಬಸ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಪಿನ ನೀರಲ್ಲಿ ಒರೆಸಿದೆ. ಬ್ಲೀಚಿಂಗ್ ಪೌಡರಿಗೆ ಬಚ್ಚಲು ತೊಳೆಯುವ ಆಸಿಡ್ ಸೇರಿಸಿದರೆ ಚೆನ್ನಾಗಿ ಹೋಗುತ್ತದಂತೆ, ಪಕ್ಕದ ಮನೆಯವರ ಸಲಹೆ. ಎರಡೂ ಸೇರಿದರೆ ಏಳುವುದು ಕ್ಲೋರಿನ್. ಬೂಷ್ಟಿಗಿಂತ ಮೊದಲು ನಮ್ಮ ಉಸಿರೇ ಹೋದೀತು.

29 ಜುಲೈ

ಒರೆಸಿದ ಕಡೆಯೇ ಮತ್ತೆ ಚುಕ್ಕೆ. ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯದೆ ಉಜ್ಜುತ್ತಾ ಕೂರುವುದು ದಂಡ. ನಿನ್ನೆ ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದ್ದೆ. ಕೋಣೆಯ ಕಡೆ ಹನಿ ಕೂತರೆ ಗಾಳಿಯ ತೇವ, ಗೋಡೆಯ ಕಡೆ ಕೂತರೆ ಗೋಡೆಯೊಳಗಿನ ನೀರು. ಬೆಳಿಗ್ಗೆ ಗೋಡೆಯ ಕಡೆಯೇ ಒದ್ದೆ.

ನಮ್ಮದು ಮಣ್ಣಿನ ಗೋಡೆ. ಮಾವನವರಿದ್ದಾಗ ವರ್ಷಕ್ಕೊಮ್ಮೆ ಸುಣ್ಣ ಬಳಿಸುತ್ತಿದ್ದರು. ಹೊಸ ಸುಣ್ಣದ ಕ್ಷಾರದಲ್ಲಿ ಬೂಷ್ಟು ಬದುಕದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರುತ್ತ ಹೀರುತ್ತ ಆ ಕ್ಷಾರ ಇಳಿಯುತ್ತದೆ, ಅದಕ್ಕೇ ಮತ್ತೆ ಬಳಿಯಬೇಕು. ಗೋಡೆ ಕುಡಿದ ನೀರೂ ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಈಗ ಪುಟ್ಟಿ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್. ನೀರಿಗೆ ಹೊರದಾರಿಯೇ ಇಲ್ಲ. ಮನೆಗೆ ಬಂದವರೆಲ್ಲ ನುಣುಪು ಹೊಗಳಿದ್ದೇ ಹೊಗಳಿದ್ದು.

ಕಡೂರು, 15 ಆಗಸ್ಟ್

ನಾಳೆ ವರಮಹಾಲಕ್ಷ್ಮಿ ವ್ರತ, ಅಮ್ಮನ ಮನೆಗೆ ಬಂದೆ. ಬೀರೂರಿನಲ್ಲಿ ರೈಲುದಾರಿ ಕವಲೊಡೆಯುತ್ತದೆ: ಒಂದು ತರೀಕೆರೆ, ಶಿವಮೊಗ್ಗದ ಕಡೆ, ಇನ್ನೊಂದು ಅಜ್ಜಂಪುರದ ಮೇಲೆ ಚಿಕ್ಕಜಾಜೂರಿಗೆ. ಮಳೆಯೂ ಹೆಚ್ಚುಕಡಿಮೆ ಅಲ್ಲೇ ಬೇರೆಯಾಗುತ್ತದೆ. ಕಡೂರಿಗೆ ಬಂದರೆ ನಮ್ಮೂರಿನ ಜಡಿ ಇಲ್ಲ, ಬರೀ ಮೋಡ.

ಆದರೂ ಇಲ್ಲಿ ಅಟ್ಟದ ಕೊಬ್ಬರಿಗೆ ಬೂಷ್ಟು. ಸಿಪ್ಪೆ ಸಮೇತ ಕಾಯಿ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ಗಿಟುಕು ಲೊಟಗುಟ್ಟುವವರೆಗೆ ಹತ್ತಿರ ಹತ್ತಿರ ವರ್ಷ ಕಾಯಬೇಕು. ಮೊದಲು ಅಟ್ಟದ ಕೆಳಗೇ ಸೌದೆ ಒಲೆ, ಕಾವು, ಹೊಗೆ. ಈಗ ಗ್ಯಾಸು. ಅದು ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅಡುಗೆಮನೆ ಕಿಟಕಿಯನ್ನೋ ಅಮ್ಮ ಬೆಕ್ಕಿನ ಕಾಟಕ್ಕೆ ತೆಗೆಯುವುದೇ ಇಲ್ಲ.

"ಕೆರೆದು ಗಾಣಕ್ಕೆ ಹಾಕಿದ್ರಾಯ್ತು ಬಿಡೇ."

"ಬೇಡಮ್ಮ. ಹಸಿರು ಹಳದಿ ಬೂಷ್ಟು ಅದು."

ಆಸ್ಪರ್ಜಿಲಸ್ ಫ್ಲೇವಸ್ ಅಂತ ಶಿಲೀಂಧ್ರ ಇರಬಹುದು. ಅದು ಬಿಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ಅಡುಗೆಯ ಬಿಸಿಗೆ ಪೂರ್ತಿ ಹೋಗುವುದಿಲ್ಲ, ಕಡಲೆಕಾಯಿಗೂ ಇದೇ ಕಾಟ. ಹಬ್ಬದ ಹಿಂದಿನ ದಿನ ಯಕೃತ್ತಿನ ಮಾತೆತ್ತಿದ್ದಕ್ಕೆ ಅಮ್ಮನಿಗೆ ಸಿಟ್ಟು. ಕೆಟ್ಟ ಗಿಟುಕುಗಳನ್ನು ಬೇರೆ ಮಾಡಿಟ್ಟಿದ್ದೇನೆ. ಬಿಸಾಡುತ್ತಾಳೆ ಅಂತ ನಂಬಿಕೆಯಿಲ್ಲ.

ಅಜ್ಜಂಪುರ, 22 ಸೆಪ್ಟೆಂಬರ್

ನಾದಿನಿ ಮನೆಯಲ್ಲಿ ಈರುಳ್ಳಿ ಬಂದಿದೆ. ಕಪ್ಪು ನೆಲದ ಊರು, ಕೀಳುವ ಹೊತ್ತಿಗೆ ಮಳೆ ಸಿಕ್ಕಿದರೆ ಮುಗಿಯಿತು. ಸಿಪ್ಪೆ ಸುಲಿದರೆ ಕಾಡಿಗೆಯಂಥ ಪುಡಿ. ಮೂಟೆಗಳನ್ನು ಮಕ್ಕಳು ಮಲಗುವ ಕೋಣೆಯಲ್ಲೇ ಪೇರಿಸಿದ್ದಳು. ಜಗಲಿಗೆ ಹೊರಿಸಿ ಹರವಿಸಿದೆವು.

ತರೀಕೆರೆ, 6 ಅಕ್ಟೋಬರ್

ಗಾರೆ ಮೇಸ್ತ್ರಿ ಬಂದಿದ್ದ. ಪೇಂಟಿನ ಮೇಲೆ ಸುಣ್ಣ ಹಿಡಿಯೋದಿಲ್ಲ, ವಾಟರ್‌ಪ್ರೂಫ್ ಪೇಂಟ್ ಹೊಡೆಯೋಣ ಅಂದ. ಒಳಗಿಂದ ಮುಚ್ಚಿದಷ್ಟೂ ನೀರು ಗೋಡೆಯಲ್ಲೇ ಮೇಲೇರುತ್ತದೆ ಅಂದೆ. ಹಿತ್ತಿಲಲ್ಲಿ ಸೂರಿನ ದೋಣಿ ಮುರಿದು, ಹಂಚಿನ ನೀರೆಲ್ಲ ಗೋಡೆಯ ಬುಡಕ್ಕೇ ಸುರಿಯುತ್ತಿದ್ದುದನ್ನು ತೋರಿಸಿದೆ. ಮೊದಲು ದೋಣಿ, ಆಮೇಲೆ ಪೇಂಟು ಕೆರೆಯುವುದು, ಗೋಡೆ ಆರಿದ ಮೇಲೆ ಸುಣ್ಣ. ಇವರಿಗೆ ಟೈಲ್ಸ್ ಹಾಕಿಸುವ ಆಸೆ ಇನ್ನೂ ಹೋಗಿಲ್ಲ. ಮೇಸ್ತ್ರಿ ದೀಪಾವಳಿ ಕಳೆದು ಬರುತ್ತಾನಂತೆ. ಮುಂಗಡ ಕೇಳಿದ, ಕೊಡಲಿಲ್ಲ.