ಜಿನದತ್ತನಲ್ಲಿ ದೇವದತ್ತ

ಮಾಣಿಕ್ಯನಂದಿಯ ‘ಪರೀಕ್ಷಾಮುಖ’ದ ಕೊನೆಯ ಪರಿಚ್ಛೇದದಲ್ಲಿ ಪ್ರಮಾಣಾಭಾಸಗಳ ವಿಚಾರ ಬರುವಾಗ ಸ್ಮರಣಾಭಾಸಕ್ಕೆ ಒಂದು ಪುಟ್ಟ ಉದಾಹರಣೆಯಿದೆ: ಜಿನದತ್ತನ ವಿಷಯದಲ್ಲಿ ‘ಆ ದೇವದತ್ತ’ ಎಂದು ನೆನೆಯುವುದು. ವಿದ್ಯಾರ್ಥಿದೆಸೆಯಲ್ಲಿ ಇದನ್ನು ನನಗೆ ಪಾಠ ಹೇಳಿದವರು ನನ್ನ ತಂದೆಯವರೇ. ಮೂವತ್ತು ವರ್ಷಗಳ ಬಳಿಕ, ಕಳೆದ ದೀಪಾವಳಿಯಂದು, ಅವರು ನನ್ನ ಮಗನನ್ನು ಎಂದೋ ತೀರಿಹೋದ ನನ್ನ ಚಿಕ್ಕಪ್ಪನ ಹೆಸರಿನಿಂದ ಕರೆದರು. ಒಮ್ಮೆಯಲ್ಲ, ಮೂರು ಬಾರಿ. ಸೂತ್ರವು ನನಗೆ ಆ ಕ್ಷಣವೇ ನೆನಪಾಯಿತು. ಅವರಿಗೂ ನೆನಪಾಗಿರಬೇಕು; ಊಟ ಮುಗಿಯುವವರೆಗೆ ಎಲೆಯಿಂದ ತಲೆಯೆತ್ತಲಿಲ್ಲ.

ತಂದೆಯವರು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತರಾಗಿದ್ದವರು. ಈಗ 77 ವರ್ಷ. ತರಗತಿಯಲ್ಲಿ ಪುಸ್ತಕ ತೆರೆದು ಪಾಠ ಮಾಡಿದವರೇ ಅಲ್ಲ. ಪಂಪ, ಜನ್ನ, ನಾಗಚಂದ್ರರ ನೂರಾರು ಪದ್ಯಗಳು ಇಂದಿಗೂ ಅವರ ನಾಲಗೆಯ ಮೇಲಿವೆ. ಆದರೆ ಬೆಳಗಿನ ರಕ್ತದೊತ್ತಡದ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದು ಹತ್ತು ಗಂಟೆಗೆ ತಿಳಿಯದು. ವೈದ್ಯರು ಮೊದಲು ಥೈರಾಯ್ಡ್, ಬಿ12 ಜೀವಸತ್ವ, ಕಿವಿ, ನಿದ್ರೆ ಇವೆಲ್ಲವನ್ನೂ ಪರೀಕ್ಷಿಸಿ, ಅನಂತರ ‘ಮೈಲ್ಡ್ ಕಾಗ್ನಿಟಿವ್ ಇಂಪೇರ್ಮೆಂಟ್’ ಎಂದರು. ಅರಿವಿನ ಲಘುಕುಂದು ಎನ್ನೋಣ. ಇದು ಡಿಮೆನ್ಷಿಯಾ ಅಲ್ಲ. ಕೆಲವರಲ್ಲಿ ಮುಂದೆ ಅದಾಗಬಹುದು, ಕೆಲವರಲ್ಲಿ ಹೀಗೆಯೇ ನಿಲ್ಲಬಹುದು, ಕೆಲವರಲ್ಲಿ ಸುಧಾರಿಸಲೂಬಹುದು.

ಪರೀಕ್ಷೆಯಲ್ಲಿ ಐದು ಪದಗಳನ್ನು ಹೇಳಿದರು. ತಂದೆಯವರು ಕೂಡಲೇ ಐದನ್ನೂ ಒಪ್ಪಿಸಿದರು. ಐದು ನಿಮಿಷ ಬೇರೆ ಮಾತಾಡಿಸಿ ಕೇಳಿದಾಗ ಎರಡು ಉಳಿದಿದ್ದವು. ‘ಅದೊಂದು ಹೂವು’ ಎಂದು ಸುಳಿವು ಕೊಟ್ಟಾಗ ಮೂರನೆಯದು ಬಂತು. ತತ್ತ್ವಾರ್ಥಸೂತ್ರವು ಮತಿಜ್ಞಾನವನ್ನು ಅವಗ್ರಹ, ಈಹಾ, ಅವಾಯ, ಧಾರಣಾ ಎಂದು ನಾಲ್ಕು ಹಂತಗಳಾಗಿ ವಿಂಗಡಿಸುತ್ತದೆ. ಪ್ರಾಚೀನರು ನರವಿಜ್ಞಾನ ಬಲ್ಲವರಾಗಿದ್ದರೆಂದು ಸಾಧಿಸುವ ಚಾಳಿ ನನಗಿಲ್ಲ. ಆದರೂ ಅಲ್ಲಿ ಕುಳಿತಿದ್ದಾಗ ಆ ವಿಂಗಡಣೆ ನನಗೆ ಉಪಕಾರ ಮಾಡಿತು. ಹೂವಿನ ಹೆಸರು ಧಾರಣೆಯಲ್ಲಿ ಇತ್ತು, ಹೊರಗೆ ಬರಲು ದಾರಿ ಬೇಕಿತ್ತು. ಉಳಿದೆರಡು ಪದಗಳು ಧಾರಣೆಯನ್ನು ಮುಟ್ಟಿಯೇ ಇರಲಿಲ್ಲ. ‘ಮರೆವು’ ಎಂಬ ಒಂದೇ ಮಾತಿನಿಂದ ನಾವು ಎರಡನ್ನೂ ಕರೆಯುತ್ತಿದ್ದೇವೆ.

ತರಬೇತಿಗೆ ವಾರಕ್ಕೆ ಎರಡು ದಿನ ಹೋದೆವು. ಮೊದಲು ಕಲಿಸಿದ್ದು ಸಿಸೆರೊ ವಾಗ್ಮಿಗಳಿಗೆ ವಿವರಿಸಿದ ಹಳೆಯ ಸ್ಥಾನವಿಧಾನ: ಚಿರಪರಿಚಿತವಾದ ಒಂದು ಎಡೆಯನ್ನು ಮನಸ್ಸಿನಲ್ಲಿ ಸುತ್ತುತ್ತ, ನೆನಪಿಡಬೇಕಾದುದನ್ನು ಅಲ್ಲಲ್ಲಿ ಇಡುತ್ತ ಹೋಗುವುದು. ಬಸದಿಯನ್ನು ಆರಿಸಿಕೊಳ್ಳಿರೆಂದು ನಾನು ಸೂಚಿಸಿದೆ. “ಮಾನಸ್ತಂಭದ ಬುಡದಲ್ಲಿ ಕೊತ್ತಂಬರಿ ಸೊಪ್ಪು ಇಡುವುದು ನನ್ನಿಂದಾಗದು” ಎಂದು ಮನೆಯಿಂದ ಶಾಲೆಗೆ ಹೋಗುತ್ತಿದ್ದ ದಾರಿಯನ್ನು ಆರಿಸಿಕೊಂಡರು. ಒಂದು ತಿಂಗಳಲ್ಲಿ ಹತ್ತು ಸಾಮಾನುಗಳ ಪಟ್ಟಿಯಲ್ಲಿ ಏಳನ್ನು ಹೇಳತೊಡಗಿದರು. ಮನೆಯಲ್ಲಿ ಹಬ್ಬದ ವಾತಾವರಣ. ಮಾತ್ರೆ ಮಾತ್ರ ಮೊದಲಿನಂತೆಯೇ ಮರೆಯುತ್ತಿತ್ತು.

ಇದು ನಮ್ಮೊಬ್ಬರ ಅನುಭವವಲ್ಲ. ಅಮೆರಿಕದ ‘ಆ್ಯಕ್ಟಿವ್’ ಎಂಬ ದೊಡ್ಡ ಅಧ್ಯಯನದಲ್ಲಿ 65 ದಾಟಿದ 2,832 ಮಂದಿಗೆ ನೆನಪು, ತರ್ಕ, ಗ್ರಹಣವೇಗ ಇವುಗಳಲ್ಲಿ ಒಂದೊಂದು ಗುಂಪಿಗೆ ಒಂದೊಂದರ ತರಬೇತಿ ನೀಡಿ, ಮತ್ತೊಂದು ಗುಂಪನ್ನು ತರಬೇತಿಯಿಲ್ಲದೆ ಬಿಟ್ಟು ಹೋಲಿಸಿದರು. ಪ್ರತಿಯೊಂದು ಗುಂಪೂ ತಾನು ಅಭ್ಯಾಸ ಮಾಡಿದುದರಲ್ಲಿ ಸುಧಾರಿಸಿತು. ಬೇರೆಯದಕ್ಕೆ ಆ ಲಾಭ ಅಷ್ಟಾಗಿ ಹರಿಯಲಿಲ್ಲ. 2014ರಲ್ಲಿ ಪ್ರಕಟವಾದ ಹತ್ತು ವರ್ಷಗಳ ಫಲಿತಾಂಶದಲ್ಲಿ ತರ್ಕ ಮತ್ತು ವೇಗದ ಲಾಭ ಉಳಿದಿತ್ತು, ನೆನಪಿನದು ಉಳಿದಿರಲಿಲ್ಲ. ಅದಕ್ಕೂ ಮೊದಲು, 2007ರ ಒಂದು ವಿಶ್ಲೇಷಣೆಯು ಆರಂಭದಲ್ಲೇ ನೆನಪು ಕುಂದಿದ್ದವರಿಗೆ ನೆನಪಿನ ತರಬೇತಿಯಿಂದ ಪ್ರಯೋಜನವಾಗಲಿಲ್ಲವೆಂದೂ, ಉಳಿದೆರಡರಿಂದ ಇತರರಷ್ಟೇ ಆಯಿತೆಂದೂ ತೋರಿಸಿತ್ತು. ಇದನ್ನು ನಾನು ತಂದೆಯವರಿಗೆ ಓದಿ ಹೇಳಲಿಲ್ಲ.

ಮಾತ್ರೆಗೆ ಬೇರೊಂದು ಕ್ರಮ ಒದಗಿತು. “ಮಾತ್ರೆಯ ಡಬ್ಬಿ ಎಲ್ಲಿದೆ?” ಎಂದು ಕೇಳುವುದು; ಒಂದು ನಿಮಿಷ ಬಿಟ್ಟು ಮತ್ತೆ ಕೇಳುವುದು; ಬಳಿಕ ಎರಡು, ನಾಲ್ಕು, ಎಂಟು, ಹದಿನಾರು. ತಪ್ಪಿದರೆ ಊಹಿಸಲು ಬಿಡದೆ ಸರಿಯುತ್ತರವನ್ನು ತಕ್ಷಣ ಹೇಳಿ, ಗೆದ್ದ ಕೊನೆಯ ಅಂತರಕ್ಕೆ ಮರಳುವುದು. ತಪ್ಪು ಉತ್ತರವೂ ಅಭ್ಯಾಸವಾಗಿ ಕೂರುತ್ತದೆಯಂತೆ. ಒಂದೇ ಒಂದು ಸಂಗತಿಯನ್ನು ಕಲಿಸುವ ಈ ವಿಧಾನದಲ್ಲಿ ವೈಭವವೇನೂ ಇಲ್ಲ. ಆದರೆ ಡಬ್ಬಿ ಕನ್ನಡಕದ ಪಕ್ಕದಲ್ಲಿದೆ ಎಂಬುದು ಅವರಲ್ಲಿ ನೆಲೆನಿಂತಿತು.

ಉಳಿದದ್ದು ನೋಟುಪುಸ್ತಕ. ನುಂಗಿದ ಕೂಡಲೇ ಬರೆದಿಡಬೇಕು ಎಂದರು. ತಂದೆಯವರು ಒಪ್ಪಲಿಲ್ಲ. ಬರೆದು ನೋಡಿಕೊಳ್ಳುವುದು ಅವರ ಮಟ್ಟಿಗೆ ಪಾಠ ಕಲಿಯದ ಹುಡುಗನ ಲಕ್ಷಣ. ಅವರ ಹಠ ಮುರಿಯಲು ನಾನು ಧರಸೇನಾಚಾರ್ಯರನ್ನು ಎಳೆದು ತಂದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಆಚಾರ್ಯರು ಶ್ರುತವು ಅಳಿದೀತೆಂದು ಅಂಜಿ ಪುಷ್ಪದಂತ-ಭೂತಬಲಿಗಳಿಗೆ ಬೋಧಿಸಿದರೆಂಬುದು ‘ಧವಲಾ’ ಟೀಕೆಯಲ್ಲಿ ವೀರಸೇನರು ಹೇಳುವ ವೃತ್ತಾಂತ. ಆ ಟೀಕೆಯ ತಾಡೋಲೆಗಳು ಹಳಗನ್ನಡ ಲಿಪಿಯಲ್ಲಿ ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿಯೇ. ನೆನಪು ಕುಂದುವಾಗ ಬರೆಹವನ್ನು ಆಶ್ರಯಿಸುವುದು ನಮ್ಮ ಪರಂಪರೆಗೆ ಅವಮಾನವಲ್ಲ ಎಂಬುದು ನನ್ನ ವಾದ. ತಂದೆಯವರು ಸಾವಧಾನವಾಗಿ ಕೇಳಿ, “ಧರಸೇನರು ತಾವೇ ಬರೆದುಕೊಂಡರೆ? ಬರೆದವರು ಶಿಷ್ಯರಲ್ಲವೆ ಮಾರಾಯ!” ಎಂದರು.

ಆಕ್ಷೇಪ ಸರಿಯಾಗಿಯೇ ಇತ್ತು. ಕೊನೆಗೆ ಒಪ್ಪಂದವಾಯಿತು: ಮಾತ್ರೆಯ ಲೆಕ್ಕ ಅವರು ಬರೆಯಬೇಕು, ಅವರ ಕಂಠಸ್ಥ ಪದ್ಯಗಳನ್ನು ಪಾಠಾಂತರಸಹಿತ ನಾನು ಬರೆಯಬೇಕು. ಈಗ ಎಂಟು ತಿಂಗಳಾಗಿದೆ. ಸಂಪಾದನಾಶಾಸ್ತ್ರ ಓದುವವರಿಗೆ ಇಲ್ಲಿ ಒಂದು ತೊಡಕಿದೆ. ಒಂದು ಪದ್ಯಕ್ಕೆ ಅವರು ಮುದ್ರಿತಕ್ಕಿಂತ ಭಿನ್ನವಾದ ಪಾಠವನ್ನು ಹೇಳಿ, ಗುರುಗಳ ಬಾಯಿಂದ ಕೇಳಿದ್ದೆಂದರು. ಹತ್ತು ದಿನ ಕಳೆದು ಅದೇ ಪದ್ಯವನ್ನು ಮುದ್ರಿತದಂತೆಯೇ ಹೇಳಿ, ಬೇರೆ ಪಾಠವನ್ನು ತಾವು ಕೇಳಿಯೇ ಇಲ್ಲವೆಂದರು. ಛಂದಸ್ಸು ಎರಡಕ್ಕೂ ಒಪ್ಪುತ್ತದೆ, ಅರ್ಥವೂ ಒಪ್ಪುತ್ತದೆ. ಉಳಿದ ದರ್ಶನಗಳು ಸಾಮಾನ್ಯವಾಗಿ ಒಪ್ಪದ ಸ್ಮೃತಿಯನ್ನು ಅಕಲಂಕಾದಿ ಜೈನ ತಾರ್ಕಿಕರು ಪರೋಕ್ಷ ಪ್ರಮಾಣಗಳಲ್ಲಿ ಸೇರಿಸಿದ್ದು ಅದು ವಿಸಂವಾದಿಯಾಗದಿದ್ದರೆ ಮಾತ್ರ. ಒಂದೇ ಬಾಯಿಯ ಎರಡು ಸ್ಮೃತಿಗಳು ವಿಸಂವಾದಕ್ಕೆ ನಿಂತರೆ ಯಾವುದು ಆಭಾಸ? ಆ ಗುರುಗಳು ಈಗಿಲ್ಲ. ಎರಡನ್ನೂ ತಾರೀಖುಸಹಿತ ಬರೆದಿಟ್ಟಿದ್ದೇನೆ.

ಮೊನ್ನೆ ಮಂಗಳವಾರ ಅವರ ನೋಟುಪುಸ್ತಕ ತೆರೆದೆ. ‘ಮಾತ್ರೆ ತೆಗೆದುಕೊಂಡೆ’ ಎಂದು ಮುತ್ತಿನಂಥ ಅಕ್ಷರಗಳಲ್ಲಿ ಒಂದೇ ಬೆಳಗ್ಗೆ ಎರಡು ಸಾಲು. ಗಾಬರಿಯಿಂದ ಡಬ್ಬಿ ತೆಗೆದು ನೋಡಿದೆ. ಮಂಗಳವಾರದ ಮನೆ ಖಾಲಿಯಾಗಿತ್ತು. ಬುಧವಾರದ ಮಾತ್ರೆ ಇದ್ದಲ್ಲೇ ಇತ್ತು.